ಮಾತು ಬಿಟ್ಟ ಹುಡುಗಿ

(ಮುಂಬಯಿಯಲ್ಲಿ ನಮ್ಮ ಸಂಘದ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಸಂಘದವನು ಎದ್ದು ನಿಂತನೆಂದರೆ ಪಗಾರ, ರಜೆ, ಪ್ರಾವಿಡೆಂಟ್ ಫಂಡು ಎಂದು ಶುರು ಮಾಡುತ್ತಾನೆಂದು ತಾವು ತಿಳಿದಿರಬಹುದು. ಇಂದು ಅದಲ್ಲ. ಇಂದು ಒಂದು ಕಾದಂಬರಿಯ ವಿಷಯ ಹೇಳಬೇಕೆಂದು ಬಂದಿದ್ದೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಕಾದಂಬರಿಯ ಉಸಾಬರಿ ಏಕೆ ಎಂದು ಯಾರಾದರೂ ಕೇಳಿದರೆ, ಈ ಕಾದಂಬರಿ ಬರೆದದ್ದೇ ಆಸುಪಾಸಿನ ಇಯತ್ತೆಯ ಮಕ್ಕಳಿಗಾಗಿ ಎಂದು ಉತ್ತರ ಕೊಡುತ್ತೇನೆ. ಪುಸ್ತಕದ ಹೆಸರು ‘ಸ್ಪೀಕ್’. ಎಂದರೆ ‘ಮಾತಾಡು’ ಎಂದು. ಬರೆದಾಕೆ ಅಮೆರಿಕೆಯ ಲಾರಿ ಹಾಲ್ಸ್ ಆಂಡರ್ಸನ್. ಅಚ್ಚಾದದ್ದು ೧೯೯೯ರಲ್ಲಿ.

ನಮ್ಮ ರಾತ್ರಿ ಶಾಲೆಯ ಮಾಸ್ತರರು ಇದನ್ನು ದಿನಕ್ಕೆ ಇಷ್ಟಿಷ್ಟು ಓದಿ, ಕನ್ನಡದಲ್ಲಿ ನಮಗೆ ಹೇಳಿದರು. ಹನ್ನೊಂದು ರಾತ್ರಿ ಹಿಡಿಯಿತು. ಮುಗಿದ ಮೇಲೆ ನಾನು ಪುಸ್ತಕವನ್ನೇ ಈಸಿಕೊಂಡು ಮಗ್ಗುಲಲ್ಲಿ ನಿಘಂಟು ಇಟ್ಟುಕೊಂಡು ಕುಳಿತೆ. ನನ್ನ ಇಂಗ್ಲಿಷು ಬಿಲ್ಲು ಬರೆಯುವಷ್ಟರದು. ಆದರೆ ಈ ಪುಸ್ತಕದ ವಾಕ್ಯಗಳು ಗಿಡ್ಡ ಗಿಡ್ಡ. ಮಾತು ಬರದ ಹುಡುಗಿಯೊಬ್ಬಳು ತನ್ನೊಳಗೆ ತಾನೇ ಆಡಿಕೊಳ್ಳುವ ಮಾತುಗಳವು. ಆದ್ದರಿಂದ ನನ್ನಂಥವನೂ ದಾಟಬಹುದು.

ಕಥೆಗೆ ಬರುವ ಮುಂಚೆ ಒಂದು ಸಂಗತಿ. ಹನ್ನೆರಡರಿಂದ ಹದಿನೆಂಟರವರೆಗಿನ ಮಕ್ಕಳಿಗೆಂದು ಪ್ರತ್ಯೇಕವಾಗಿ ಕಾದಂಬರಿ ಬರೆಯುವ ಪದ್ಧತಿ ಆ ದೇಶದಲ್ಲಿ ಬಲವಾಗಿ ಬೇರೂರಿದೆ. ಅದಕ್ಕೆ ದೊಡ್ಡ ತಿರುವು ಕೊಟ್ಟ ಪುಸ್ತಕ ೧೯೬೭ರ ‘ದಿ ಔಟ್‌ಸೈಡರ್ಸ್’ ಎಂದು ಹೇಳುತ್ತಾರೆ. ಬರೆದವಳು ಎಸ್. ಇ. ಹಿಂಟನ್ ಎಂಬ, ಹೈಸ್ಕೂಲಿನಲ್ಲಿ ಓದುತ್ತಿದ್ದ ಹುಡುಗಿ. ಅದು ಅಚ್ಚಾದಾಗ ಆಕೆಗೆ ಹದಿನೆಂಟು. ಅದರಲ್ಲಿ ತಂದೆತಾಯಿ ಅಪಘಾತದಲ್ಲಿ ತೀರಿಕೊಂಡ ಮೂವರು ಅಣ್ಣತಮ್ಮಂದಿರಿದ್ದಾರೆ. ಹಿರಿಯವನು ಕಾಲೇಜಿನ ಆಸೆ ಬಿಟ್ಟು ಮನೆಗಳ ಮಾಡು ಹೊದಿಸುವ ಕೂಲಿಗೆ ಹೋಗುತ್ತಾನೆ, ನಡುವಿನವನು ಶಾಲೆ ಬಿಟ್ಟು ಪೆಟ್ರೋಲು ಪಂಪಿಗೆ ಸೇರುತ್ತಾನೆ, ಕಿರಿಯವನಾದರೂ ಓದಲಿ ಎಂದು. ಇಲ್ಲಿ ಕುಳಿತ ಎಷ್ಟೋ ಅಣ್ಣಂದಿರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಆ ನಡುವಿನ ವಯಸ್ಸು ಎಂಬುದೇ ಇರಲಿಲ್ಲ. ನಿನ್ನೆ ಗೋಲಿ ಆಡಿದವನು ಇಂದು ಬಸ್ಸು ಹತ್ತಿ ಮುಸುರೆ ತೊಳೆಯಲು ನಿಂತ. ವಯಸ್ಸಿಲ್ಲದವನಿಗೆ ಪುಸ್ತಕವೆಲ್ಲಿಂದ ಬರಬೇಕು? ಅದಿರಲಿ.

ಈಗ ಕಥೆ. ನ್ಯೂಯಾರ್ಕ್ ಸಂಸ್ಥಾನದಲ್ಲಿ ಸಿರಕ್ಯೂಸ್ ಎಂಬ ಊರಿದೆ. ಅಲ್ಲಿನ ಮೆರಿವೆದರ್ ಹೈಸ್ಕೂಲಿಗೆ ಒಂಬತ್ತನೆಯ ಇಯತ್ತೆಗೆ ಬಂದು ಸೇರುವ ಹುಡುಗಿ ಮೆಲಿಂಡಾ. ಶಾಲೆಯ ಮೊದಲ ದಿನ ಬಸ್ಸಿನಲ್ಲಿ ಯಾರೂ ಅವಳ ಪಕ್ಕ ಕೂರುವುದಿಲ್ಲ. ಚಿಕ್ಕಂದಿನ ಗೆಳತಿ ರೇಚಲ್ ಮುಖ ತಿರುಗಿಸುತ್ತಾಳೆ. ಏಕೆಂದರೆ ಬೇಸಿಗೆ ರಜೆಯ ಕೊನೆಯಲ್ಲಿ ದೊಡ್ಡ ಹುಡುಗರು ಸೇರಿ ನಡೆಸಿದ ಒಂದು ಪಾರ್ಟಿಯಿಂದ ಇವಳು ಪೋಲೀಸರಿಗೆ ಫೋನು ಮಾಡಿದ್ದಳು. ಪೋಲೀಸರು ಬಂದರು, ಕೂಟ ಚದುರಿತು, ಕೆಲವರು ಸಿಕ್ಕಿಬಿದ್ದರು. ಅಂದಿನಿಂದ ಇವಳು ಚಾಡಿಕೋರಳು, ದ್ರೋಹಿ. ಇಡೀ ಶಾಲೆ ಇವಳೊಡನೆ ಮಾತು ಬಿಟ್ಟಿತು.

ಫೋನು ಏಕೆ ಮಾಡಿದಳು? ಇದನ್ನು ಒಬ್ಬರೂ ಕೇಳಲಿಲ್ಲ.

ಓದುವವರಿಗೂ ಲೇಖಕಿ ಅದನ್ನು ತಕ್ಷಣ ಹೇಳುವುದಿಲ್ಲ. ಪುಸ್ತಕದ ಅರ್ಧದಷ್ಟು ಕಳೆಯುವ ತನಕ ನಮಗೆ ಕಾಣುವುದು ತುಟಿ ಕಚ್ಚಿ ಕಚ್ಚಿ ಗಾಯ ಮಾಡಿಕೊಂಡ, ತರಗತಿಯಲ್ಲಿ ಉತ್ತರ ಹೇಳದ, ಮಾರ್ಕು ಇಳಿಯುತ್ತ ಹೋಗುವ, ಶಾಲೆಯ ಜಾಡಮಾಲಿ ಬಿಟ್ಟುಹೋದ ಸಣ್ಣ ಕೋಣೆಯೊಂದರಲ್ಲಿ ಅಡಗಿ ಕೂರುವ ಹುಡುಗಿ. ಪುಸ್ತಕವನ್ನು ಶಾಲೆಯ ನಾಲ್ಕು ಪರೀಕ್ಷಾ ಅವಧಿಗಳಂತೆ ನಾಲ್ಕು ಭಾಗ ಮಾಡಿ, ನಡುವೆ ಅವಳ ಮಾರ್ಕುಪಟ್ಟಿಯನ್ನೇ ಕೊಟ್ಟಿದ್ದಾರೆ. ತಂದೆ ವಿಮೆಯವನು, ತಾಯಿ ಬಟ್ಟೆಯಂಗಡಿ ನಡೆಸುವವಳು. ಇಬ್ಬರಿಗೂ ಪುರಸೊತ್ತಿಲ್ಲ. ಆ ಮನೆಯಲ್ಲಿ ಒಬ್ಬರಿಗೊಬ್ಬರು ಚೀಟಿ ಬರೆದಿಟ್ಟು ಸಂಸಾರ ಮಾಡುತ್ತಾರೆ. ಮಗಳ ಮಾರ್ಕು ಇಳಿದಾಗ ಬೈಯುತ್ತಾರೆ. ಮಗಳೇ ಇಳಿದುಹೋಗುತ್ತಿರುವುದು ಅವರಿಗೆ ಕಾಣುವುದಿಲ್ಲ.

ನಿಜಸಂಗತಿ ಇದು. ಆ ಪಾರ್ಟಿಯ ರಾತ್ರಿ ಆಂಡಿ ಇವಾನ್ಸ್ ಎಂಬ ಮೇಲಿನ ತರಗತಿಯ, ಎಲ್ಲರ ಮೆಚ್ಚಿನ ಹುಡುಗನೊಬ್ಬನು ಅವಳ ಮೇಲೆ ಬಲಾತ್ಕಾರ ಮಾಡಿದ್ದನು. ಅವಳು ಪೋಲೀಸರಿಗೆ ಫೋನು ಹಚ್ಚಿದ್ದು ಅದಕ್ಕೆ. ಫೋನಿನ ಆ ಕಡೆ ಯಾರೋ ‘ಏನಾಯಿತು?’ ಎಂದು ಕೇಳಿದಾಗ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಅಲ್ಲಿ ನಿಂತುಹೋದ ಮಾತು ಮುಂದೆ ಒಂದು ಶಾಲಾವರ್ಷ ನಿಂತೇ ಇತ್ತು.

ಇಲ್ಲಿ ಒಂದು ಗೊಣಗು ನನಗೆ ಕೇಳಿಸುತ್ತಿದೆ. ರಾತ್ರಿಕಾಲದಲ್ಲಿ ಹೆಣ್ಣುಮಗು ಆ ಜಾಗಕ್ಕೆ ಹೋದದ್ದೇಕೆ, ಬಿಯರು ಮುಟ್ಟಿದ್ದೇಕೆ ಎಂದು. ಮಾಸ್ತರರು ಓದಿ ಹೇಳಿದಾಗ ನಮ್ಮ ಖೋಲಿಯಲ್ಲಿಯೂ ಇದೇ ಮಾತು ಬಂದಿತ್ತು. ಕಾದಂಬರಿ ಆ ಬಿಯರನ್ನು ಮುಚ್ಚಿಟ್ಟಿಲ್ಲ. ಹುಡುಗಿಯೂ ಅದನ್ನೇ ನೆನೆದು ನೆನೆದು ತನ್ನನ್ನು ತಿನ್ನುತ್ತಾಳೆ. ಆದರೆ ಬಂಧುಗಳೆ, ಪಗಾರದ ದಿನ ನಮ್ಮವನೊಬ್ಬ ಸಿನಿಮಾ ನೋಡಿ ತಡವಾಗಿ ಬರುವಾಗ ಲೋಕಲ್ ಗಾಡಿಯಲ್ಲಿ ಜೇಬು ಕತ್ತರಿಸಿಹೋದರೆ, ನೀನು ಸಿನಿಮಾಕ್ಕೆ ಹೋದದ್ದರಿಂದ ಕಳ್ಳನದು ತಪ್ಪಿಲ್ಲ ಎಂದು ನಾವು ಹೇಳುತ್ತೇವೆಯೆ? ಜೇಬಿನ ವಿಷಯದಲ್ಲಿ ನಮಗಿರುವ ನ್ಯಾಯಬುದ್ಧಿ ಮೈಯ ವಿಷಯದಲ್ಲಿ ಎಲ್ಲಿಗೆ ಹೋಗುತ್ತದೆ?

‘ಮಾತು ಬಿಡುವುದು’ ಎಂಬ ನಮ್ಮ ಮಾತಿಗೆ ಎರಡು ಅರ್ಥವಿದೆ. ಒಬ್ಬಳು ಮಾತಾಡುವುದನ್ನು ನಿಲ್ಲಿಸಿದರೆ ಅವಳು ಮಾತು ಬಿಟ್ಟಳು. ಊರೆಲ್ಲ ಸೇರಿ ಅವಳನ್ನು ದೂರವಿಟ್ಟರೆ ಊರು ಮಾತು ಬಿಟ್ಟಿತು. ಈ ಪುಸ್ತಕದಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಎರಡನೆಯದರ ವಿಷಯದಲ್ಲಿ ಸಂಘದವರಾದ ನಾವು ಹೆಚ್ಚು ಯೋಚಿಸಬೇಕು. ಏಕೆಂದರೆ ಅದು ನಮ್ಮದೇ ಹತ್ಯಾರ. ಹರತಾಳದ ಕಾಲಕ್ಕೆ ಕಟ್ಟು ಮುರಿದು ಒಳಗೆ ಹೋದವನ ಜೊತೆ ಚಾಳಿನಲ್ಲಿ ಯಾರೂ ಮಾತಾಡದೆ ಇದ್ದದ್ದನ್ನು ೧೯೮೨ರ ಗಿರಣಿ ಹರತಾಳ ಕಂಡ ಹಿರಿಯರು ನನಗೆ ಹೇಳಿದ್ದಾರೆ. ಬಾರುಕೋಲಿಗಿಂತ ಅದರ ಪೆಟ್ಟು ಜೋರು ಎಂದರು. ಅಷ್ಟು ಬಲವಾದ ಹತ್ಯಾರವನ್ನು ಯಾರ ಮೇಲೆ ಎತ್ತುತ್ತಿದ್ದೇವೆಂದು ನೋಡದೆ ಎತ್ತಿದರೆ ಏನಾಗುತ್ತದೆಂಬುದು ಮೆರಿವೆದರ್ ಶಾಲೆಯಲ್ಲಿ ಕಾಣುತ್ತದೆ. ಆ ಮಕ್ಕಳ ಒಗ್ಗಟ್ಟು ಸುಳ್ಳಲ್ಲ. ತಮ್ಮವರನ್ನು ಪೋಲೀಸರಿಗೆ ಹಿಡಿದುಕೊಟ್ಟವಳನ್ನು ದೂರವಿಟ್ಟೆವೆಂದೇ ಅವರು ನಂಬಿದ್ದಾರೆ. ಆ ಒಗ್ಗಟ್ಟಿನ ನಡುವೆ ತಪ್ಪಿತಸ್ಥನು ನೆಮ್ಮದಿಯಾಗಿ, ಹೂವಿನ ಹಾಗೆ ಓಡಾಡಿಕೊಂಡಿದ್ದಾನೆ. ದೂರು ಕೊಟ್ಟವರು ಏಕೆ ಕೊಟ್ಟರು ಎಂದು ಕೇಳದ ಒಗ್ಗಟ್ಟು ಯಾರಿಗೆ ಕಾವಲು ಕಾಯುತ್ತದೆ ನೋಡಿ.

ಇನ್ನು ಅವಳ ಮೌನದ ಬಗೆ. ಇದನ್ನು ನಾನು ನಿಧಾನವಾಗಿ ಹೇಳಬಯಸುತ್ತೇನೆ. ಮಾತು ಬಾರದಿರುವುದು ಹಟವಲ್ಲ, ಸೊಕ್ಕಲ್ಲ. ಅವಳ ಗಂಟಲಲ್ಲಿ ಮಾತು ಇದೆ, ಹೊರಗೆ ಬರುವುದಿಲ್ಲ. ವಿಜ್ಞಾನದ ತರಗತಿಯಲ್ಲಿ ಕಪ್ಪೆಯನ್ನು ಮಲಗಿಸಿ ಕೈಕಾಲಿಗೆ ಸೂಜಿ ಚುಚ್ಚಿ ಕೊಯ್ಯುವ ಪಾಠ ಬಂದಾಗ, ಅವಳು ಅಲ್ಲಿಯೇ ಪ್ರಜ್ಞೆ ತಪ್ಪಿ ಬೀಳುತ್ತಾಳೆ. ನೋಡುವವರಿಗೆ ಅದು ಅಂಜುಬುರುಕತನ. ಓದುವವರಿಗೆ ಅಷ್ಟು ಹೊತ್ತಿಗೆ ಗೊತ್ತು, ಅವಳಿಗೆ ಕಂಡದ್ದು ಕಪ್ಪೆಯಲ್ಲ ಎಂದು. ಪೆಟ್ಟು ತಿಂದ ಮಗುವಿಗೆ ಹಳೆಯ ರಾತ್ರಿ ಹಾಡುಹಗಲಲ್ಲಿ, ಸಂಬಂಧವಿಲ್ಲದ ಜಾಗದಲ್ಲಿ ಹೀಗೆ ಎದುರು ಬರುತ್ತದೆ. ಒಂದು ವಾಸನೆ ಸಾಕು, ಒಂದು ಬಾಗಿಲಿನ ಸದ್ದು ಸಾಕು.

ಅವಳ ಅಡಗುಕೋಣೆಯಲ್ಲಿ ಒಂದು ಕನ್ನಡಿ ಇದೆ. ತನ್ನ ಮುಖ ತಾನೇ ನೋಡಲಾರದೆ ಅದರ ಮೇಲೆ ಅವಳು ಒಂದು ಭಿತ್ತಿಚಿತ್ರ ಅಂಟಿಸುತ್ತಾಳೆ. ಅದು ಮಾಯಾ ಏಂಜೆಲೋ ಎಂಬ ಕಪ್ಪು ಜನಾಂಗದ ಲೇಖಕಿಯ ಚಿತ್ರ. ಆಕೆಯ ಒಂದು ಪುಸ್ತಕವನ್ನು ಶಾಲಾ ಮಂಡಳಿ ನಿಷೇಧಿಸಿದ್ದರಿಂದ ಗೋಡೆಯಿಂದ ಇಳಿಸಬೇಕಾಗಿ ಬಂದ ಚಿತ್ರವನ್ನು ಗ್ರಂಥಾಲಯದಾಕೆ ಈ ಹುಡುಗಿಗೆ ಕೊಟ್ಟುಬಿಡುತ್ತಾಳೆ. ಲೇಖಕಿ ಈ ಚಿತ್ರವನ್ನು ಸುಮ್ಮನೆ ಅಲ್ಲಿ ತೂಗಹಾಕಿಲ್ಲ ಎಂದು ಮಾಸ್ತರರು ಹೇಳಿದರು.

ಮಾಯಾ ಏಂಜೆಲೋ ೧೯೨೮ರಲ್ಲಿ ಹುಟ್ಟಿದವಳು, ೨೦೧೪ರಲ್ಲಿ ತೀರಿಕೊಂಡಳು. ಆಕೆಯ ಬಾಲ್ಯದ ಆತ್ಮಕಥೆ ೧೯೬೯ರಲ್ಲಿ ಬಂತು. ಅದು ಕಾದಂಬರಿಯಲ್ಲ, ನಡೆದದ್ದು. ಎಂಟು ವರ್ಷದ ಆಸುಪಾಸಿನಲ್ಲಿ, ತಾಯಿಯ ಜೊತೆಗಿದ್ದ ಗಂಡಸೊಬ್ಬನು ಆ ಮಗುವನ್ನು ಕೆಡಿಸಿದನು. ಮಗು ಹೆಸರು ಹೇಳಿತು. ಅವನಿಗೆ ಶಿಕ್ಷೆಯೂ ಆಯಿತು, ಆದರೆ ಹೊರಗೆ ಬಿಟ್ಟರು. ಸ್ವಲ್ಪದರಲ್ಲಿಯೇ ಅವನು ಯಾರಿಂದಲೋ ಹೊಡೆಸಿಕೊಂಡು ಸತ್ತುಬಿದ್ದಿದ್ದನು. ಆ ಪುಟ್ಟ ಮಗುವಿನ ತಲೆಯಲ್ಲಿ ಒಂದು ಲೆಕ್ಕ ಕುಳಿತಿತು. ನಾನು ಬಾಯಿಬಿಟ್ಟೆ, ಒಬ್ಬ ಸತ್ತ, ಆದ್ದರಿಂದ ನನ್ನ ದನಿಗೆ ಕೊಲ್ಲುವ ವಿಷವಿದೆ. ಸುಮಾರು ಐದು ವರ್ಷ ಆಕೆ ತನ್ನ ಅಣ್ಣನೊಬ್ಬನನ್ನು ಬಿಟ್ಟರೆ ಬೇರೆಯವರೊಡನೆ ಮಾತಾಡಲಿಲ್ಲ. ಅರ್ಕಾನ್ಸಾ ಸಂಸ್ಥಾನದ ಸ್ಟ್ಯಾಂಪ್ಸ್ ಎಂಬ ಹಳ್ಳಿಯಲ್ಲಿ ಅಜ್ಜಿಯ ಅಂಗಡಿ. ಅಲ್ಲಿನ ಫ್ಲವರ್ಸ್ ಎಂಬ ಹೆಂಗಸೊಬ್ಬರು ಈ ಮಗುವನ್ನು ಮನೆಗೆ ಕರೆದು, ತಿಂಡಿ ಕೊಟ್ಟು, ಪುಸ್ತಕವನ್ನು ಗಟ್ಟಿಯಾಗಿ ಓದಿ ತೋರಿಸಿದರು. ನೀನೂ ಮನೆಗೆ ಒಯ್ದು ಗಟ್ಟಿಯಾಗಿ ಓದು ಎಂದರು. ಏಕೆ ಮಾತಾಡುವುದಿಲ್ಲ ಎಂದು ಗದರಿಸಲಿಲ್ಲ. ಮಾತು ಹಾಗೆ ಹಿಂದಿರುಗಿತು.

ನೋಡಿ, ತಪ್ಪು ಮಾಡಿದ್ದು ದೊಡ್ಡವರು, ಅದರ ಹೊರೆ ಹೊತ್ತದ್ದು ಮಗು. ಸಿರಕ್ಯೂಸಿನ ಕಟ್ಟುಕಥೆಯ ಹುಡುಗಿಯೂ ಹೀಗೆಯೇ, ಸ್ಟ್ಯಾಂಪ್ಸಿನ ನಿಜದ ಹುಡುಗಿಯೂ ಹೀಗೆಯೇ.

ಈಗ ನಮ್ಮ ಕಡೆಗೆ ಬರೋಣ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಹೊಟೇಲು. ಹೆಸರು ಬೇಡ. ೨೦೦೬ರ ಸುಮಾರು, ನಾನೂ ಆಗ ಮೀಸೆ ಮೂಡದ ಹುಡುಗ. ಅಲ್ಲಿ ಘಟ್ಟದ ಕೆಳಗಿನಿಂದ ಬಂದ ಒಬ್ಬ ಕ್ಲೀನರ್ ಹುಡುಗನಿದ್ದ, ಹದಿಮೂರಿರಬಹುದು. ಬಂದ ಹೊಸತರಲ್ಲಿ ಯಕ್ಷಗಾನದ ಚೆಂಡೆಯನ್ನು ತಟ್ಟೆಗಳ ಮೇಲೆ ಬಾರಿಸಿ ಬೈಗುಳ ತಿನ್ನುತ್ತಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಮಾತು ನಿಂತಿತು. ರಾತ್ರಿ ಎಲ್ಲರೂ ಅಟ್ಟದ ಮೇಲೆ ಮಲಗಿದರೆ ಅವನು ನೀರಿನ ಪೀಪಾಯಿಯ ಪಕ್ಕ, ಹಸಿ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಅವನಿಗೆ ‘ಮೂಗ’ ಎಂದು ಹೆಸರಿಟ್ಟರು. ಮೋಹಿನಿ ಹಿಡಿದಿದೆ ಎಂದು ಒಬ್ಬರು, ಊರಿನ ನೆನಪು ಎಂದು ಇನ್ನೊಬ್ಬರು. ಕಪ್ಪು ಒಡೆದಾಗ ಮಾತ್ರ ಮೇನೇಜರರು ಅವನ ಕಡೆ ನೋಡಿದರು.

ದೋಸೆಕಲ್ಲಿನ ಅಜ್ಜರೊಬ್ಬರಿದ್ದರು. ಅವರು ಒಂದು ರಾತ್ರಿ ತಮ್ಮ ಚಾಪೆಯನ್ನು ಅಟ್ಟದಿಂದ ಇಳಿಸಿ ತಂದು ಆ ಪೀಪಾಯಿಯ ಹತ್ತಿರ ಹಾಸಿದರು. ಸೊಂಟನೋವಿನ ಮನುಷ್ಯ, ಹಸಿ ನೆಲ. ಏನೂ ಕೇಳಲಿಲ್ಲ. ಮರುದಿನವೂ ಅಲ್ಲಿಯೇ. ಎಷ್ಟು ದಿನವೋ ಆದ ಮೇಲೆ ಹುಡುಗನು ಅವರ ಪಕ್ಕದಲ್ಲಿ ಕಾಲು ಚಾಚಿ ಮಲಗಿದ. ಆಮೇಲೊಂದು ರಾತ್ರಿ ಹೇಳಿದ. ಅಟ್ಟದ ಮೇಲೆ ಮಲಗುತ್ತಿದ್ದ ದೊಡ್ಡವನೊಬ್ಬನ ಹೆಸರು ಹೇಳಿದ. ಅಜ್ಜರು ನೆಟ್ಟಗೆ ಗಲ್ಲಾದ ಮುಂದೆ ಹೋಗಿ ನಿಂತರು. ನಡೆದದ್ದೇನು? ‘ಹೊಟೇಲಿನ ಹೆಸರು ಕೆಡುತ್ತದೆ’ ಎಂದು ಹುಡುಗನ ಕೈಗೆ ಬಸ್ಸಿನ ಚೀಟಿ ಕೊಟ್ಟು ಊರಿಗೆ ಕಳಿಸಿದರು. ಆ ದೊಡ್ಡವನು ಉಳಿದನು. ಅಜ್ಜರು ತಿಂಗಳು ತುಂಬಿದ ದಿನ ಲೆಕ್ಕ ತೀರಿಸಿಕೊಂಡು ಹೊರಟುಹೋದರು. ಹೋಗುವಾಗ ಆ ಮನುಷ್ಯನನ್ನು ಎಲ್ಲರೆದುರು ಹೆಸರು ಹಿಡಿದು ಕರೆದು, ಏಕೆ ಹೋಗುತ್ತಿದ್ದೇನೆಂದು ಹೇಳಿ ಹೋದರು.

ಮೆಲಿಂಡಾಳ ಶಾಲೆಯಲ್ಲಿ ಆ ಅಜ್ಜರ ಜಾಗದಲ್ಲಿರುವವರು ಚಿತ್ರಕಲೆಯ ಮಾಸ್ತರರಾದ ಫ್ರೀಮನ್. ವರ್ಷದ ಮೊದಲಲ್ಲಿ ಅವರು ಒಡೆದ ಗೋಳವೊಂದರೊಳಗೆ ಚೀಟಿಗಳನ್ನು ಹಾಕಿ, ಒಬ್ಬೊಬ್ಬರು ಒಂದೊಂದು ಎತ್ತಿಕೊಳ್ಳಿ, ಬಂದ ವಸ್ತುವನ್ನು ವರ್ಷವೆಲ್ಲ ಚಿತ್ರಿಸಬೇಕು ಎನ್ನುತ್ತಾರೆ. ಇವಳಿಗೆ ಬಂದದ್ದು ‘ಮರ’. ಎಷ್ಟು ಸುಲಭ ಎಂದುಕೊಳ್ಳುತ್ತಾಳೆ. ವರ್ಷವಿಡೀ ಮರ ಬರುವುದೇ ಇಲ್ಲ. ಸಿಡಿಲು ಬಡಿದ ಮರ ಬಿಡಿಸುತ್ತಾಳೆ, ಹಾಳೆ ಹರಿಯುತ್ತಾಳೆ. ಒಮ್ಮೆ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ಎಲುಬುಗಳನ್ನು ಜೋಡಿಸಿ, ಅದರಲ್ಲಿ ಬೊಂಬೆಯ ತಲೆ ಇಟ್ಟು, ಬೊಂಬೆಯ ಬಾಯಿಗೆ ಪಟ್ಟಿ ಅಂಟಿಸುತ್ತಾಳೆ. ಮಾಸ್ತರರು ಅದನ್ನು ನೋಡಿ ನಗುವುದಿಲ್ಲ, ಹೆದರುವುದೂ ಇಲ್ಲ. ಅದು ನೋವಿನ ಕೆಲಸ ಎಂದು ಗುರುತಿಸುತ್ತಾರೆ. ಹೇಳು ಹೇಳು ಎಂದು ಪೀಡಿಸದೆ, ಹೇಳುವುದಾದರೆ ನನ್ನಲ್ಲಿಗೆ ಬಾ ಎಂದು ಬಾಗಿಲು ತೆರೆದಿಡುತ್ತಾರೆ.

ಎಲ್ಲ ಮಾಸ್ತರರೂ ಹಾಗಿಲ್ಲ. ಸಮಾಜಪಾಠದ ಒಬ್ಬರು, ಹೆಂಗಸರು ಮತದಾನದ ಹಕ್ಕಿಗಾಗಿ ಹೋರಾಡಿದ ವಿಷಯದ ಅವಳ ಪ್ರಬಂಧವನ್ನು ಗಟ್ಟಿಯಾಗಿ ಓದಿದರೇ ಮಾರ್ಕು ಎಂದು ಹಟ ಹಿಡಿಯುತ್ತಾರೆ. ಅವಳು ಓದಲಾರಳು. ಮಾರ್ಕು ಹೋಗುತ್ತದೆ. ಆಗ ಡೇವಿಡ್ ಎಂಬ ಸಹಪಾಠಿ ಬಂದು, ಆ ಹೆಂಗಸರು ಸುಮ್ಮನಿದ್ದು ಹಕ್ಕು ಪಡೆಯಲಿಲ್ಲವಲ್ಲ ಎನ್ನುತ್ತಾನೆ. ಒಳ್ಳೆಯ ಹುಡುಗ, ಧೈರ್ಯಸ್ಥ. ಆದರೂ ಮಾತು ಬಾರದವರಿಗೆ ಮಾತಿನ ಮಹಿಮೆ ಹೇಳುವುದು ಹಸಿದವನಿಗೆ ಅಡುಗೆಯ ಪಟ್ಟಿ ಓದಿದ ಹಾಗೆ. ಅದಕ್ಕಿಂತ ಅವರ ಪಕ್ಕ ಚಾಪೆ ಹಾಸುವವರು ಬೇಕು.

ನನ್ನಂಥ ಸಂಘದವನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿದ ಭಾಗ ಇನ್ನು ಮೇಲಿನದು. ಶಾಲೆಯ ಹುಡುಗಿಯರ ಶೌಚಾಲಯದ ಗೋಡೆಯ ಮೇಲೆ ಮೆಲಿಂಡಾ, ಯಾವ ಹುಡುಗರಿಂದ ದೂರವಿರಬೇಕು ಎಂದು ತಲೆಬರಹ ಹಾಕಿ, ಕೆಳಗೆ ಒಂದೇ ಹೆಸರು ಬರೆಯುತ್ತಾಳೆ. ಆಂಡಿ ಇವಾನ್ಸ್. ಬರೆದು ಬಂದುಬಿಡುತ್ತಾಳೆ. ಕೆಲವು ದಿನಗಳಾದ ಮೇಲೆ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ ನೋಡಿದರೆ ಆ ಹೆಸರಿನ ಕೆಳಗೆ ಬೇರೆ ಬೇರೆ ಕೈಬರಹ, ಬೇರೆ ಬೇರೆ ಬಣ್ಣದ ಮಸಿ. ಹೌದು, ಇವನೇ, ಇವನ ಹತ್ತಿರ ಹೋಗಬೇಡಿ ಎಂದು ಎಷ್ಟೋ ಹುಡುಗಿಯರು ಬರೆದಿದ್ದಾರೆ. ತಾನೊಬ್ಬಳೇ ಎಂದು ತಿಳಿದಿದ್ದವಳು ಆ ಗೋಡೆಯ ಮುಂದೆ ನಿಂತು ತಾನು ಒಬ್ಬಳಲ್ಲ ಎಂದು ಕಾಣುತ್ತಾಳೆ.

ಬಂಧುಗಳೆ, ಸಂಘವೆಂಬುದು ಹುಟ್ಟುವುದು ಹೀಗೆಯೇ ಅಲ್ಲವೆ? ಪಗಾರದಲ್ಲಿ ತನಗೊಬ್ಬನಿಗೇ ಮೋಸವಾಯಿತೆಂದು ನಾಚಿಕೊಂಡು ಕುಳಿತವನು ಪಕ್ಕದವನ ಚೀಟಿ ನೋಡುತ್ತಾನೆ, ಅದರಲ್ಲೂ ಅದೇ ಮೋಸ. ಅಲ್ಲಿಯ ತನಕ ನಾಚಿಕೆ, ಅಲ್ಲಿಂದ ಮುಂದೆ ದೂರು.

ಅದೇ ಹೊತ್ತಿಗೆ ಹಳೆಯ ಗೆಳತಿ ರೇಚಲ್ ಆ ಹುಡುಗನೊಡನೆಯೇ ಸ್ನೇಹ ಬೆಳೆಸಿರುತ್ತಾಳೆ. ತನ್ನೊಡನೆ ಮಾತು ಬಿಟ್ಟವಳನ್ನು ಉಳಿಸುವುದಕ್ಕಾಗಿ ಮೆಲಿಂಡಾ ಮೊದಲ ಸಲ ನಿಜ ಹೇಳುತ್ತಾಳೆ, ಬಾಯಿಂದಲ್ಲ, ಗ್ರಂಥಾಲಯದಲ್ಲಿ ಕುಳಿತು ಹಾಳೆಯ ಮೇಲೆ ಬರೆದು. ರೇಚಲ್ ನಂಬುವುದಿಲ್ಲ. ಹೊಟ್ಟೆಕಿಚ್ಚು ಎನ್ನುತ್ತಾಳೆ, ಎದ್ದು ಹೋಗುತ್ತಾಳೆ. ಇದನ್ನು ಲೇಖಕಿ ಸಿಹಿ ಮಾಡಿಲ್ಲ. ಬಾಯಿಬಿಟ್ಟ ಕೂಡಲೆ ಲೋಕ ನಂಬುತ್ತದೆ ಎಂಬ ಸುಳ್ಳು ಭರವಸೆಯನ್ನು ಮಕ್ಕಳಿಗೆ ಕೊಟ್ಟಿಲ್ಲ. ಆದರೂ ಆ ಮಾತು ರೇಚಲಳ ಮನಸ್ಸಿನಲ್ಲಿ ಕೆಲಸ ಮಾಡುತ್ತದೆ, ತಡವಾಗಿಯಾದರೂ ಅವಳು ಅವನನ್ನು ಬಿಡುತ್ತಾಳೆ.

ಕೊನೆಯಲ್ಲಿ ಆ ಹುಡುಗನು ಸಿಟ್ಟಿನಿಂದ ಮೆಲಿಂಡಾಳ ಅಡಗುಕೋಣೆಗೇ ನುಗ್ಗಿ ಬಾಗಿಲು ಹಾಕುತ್ತಾನೆ. ಈ ಸಲ ಗಂಟಲು ಬಿಚ್ಚುತ್ತದೆ. ಅವಳು ಕಿರುಚುತ್ತಾಳೆ, ಕೈಗೆ ಸಿಕ್ಕ ವಸ್ತುವಿನಿಂದ ಕನ್ನಡಿ ಒಡೆದು ಗಾಜಿನ ಚೂರನ್ನು ಅವನ ಕೊರಳಿಗೆ ಹಿಡಿಯುತ್ತಾಳೆ. ಹೊರಗೆ ಆಟದಿಂದ ಬರುತ್ತಿದ್ದ ಹುಡುಗಿಯರ ತಂಡ ಆ ಕೂಗು ಕೇಳಿ ಬಾಗಿಲು ಬಡಿಯುತ್ತದೆ. ವರ್ಷದ ಕೊನೆಯ ದಿನ ಅವಳ ಮರದ ಚಿತ್ರ ಮುಗಿಯುತ್ತದೆ, ಫ್ರೀಮನ್ ಮಾಸ್ತರರ ಮುಂದೆ ಮಾತೂ ಶುರುವಾಗುತ್ತದೆ. ಆ ಮಾತನ್ನು ಲೇಖಕಿ ಬರೆದಿಲ್ಲ. ಶುರುವಾಯಿತು ಎಂಬಲ್ಲಿಗೆ ಪುಸ್ತಕ ಮುಗಿದಿದೆ. ನನಗೆ ಅದು ಸರಿಯೆನಿಸಿತು. ನಮ್ಮ ಖೋಲಿಯಲ್ಲಿ ಮಾತ್ರ, ಆ ಹುಡುಗನಿಗೆ ಜೈಲಾಯಿತೋ ಇಲ್ಲವೋ ಹೇಳಬೇಕಿತ್ತು ಎಂದು ಇಬ್ಬರು ಅರ್ಧ ರಾತ್ರಿ ಜಗಳವಾಡಿದರು.

ಬರೆದಾಕೆಗೆ ಇದೆಲ್ಲ ಹೇಗೆ ಗೊತ್ತು? ಆಂಡರ್ಸನ್ ಅವರ ಮೇಲೆ ಹದಿಮೂರನೆಯ ವಯಸ್ಸಿನಲ್ಲಿ ಇದೇ ಬಗೆಯ ಬಲಾತ್ಕಾರ ನಡೆದಿತ್ತು. ಎರಡು ದಶಕಕ್ಕೂ ಮಿಕ್ಕಿ ಅವರು ಯಾರಿಗೂ ಹೇಳಿರಲಿಲ್ಲ. ೨೦೧೯ರಲ್ಲಿ ‘ಶೌಟ್’ ಎಂಬ ಪದ್ಯರೂಪದ ಆತ್ಮಕಥೆಯಲ್ಲಿ ತಾವೇ ಬರೆದರು. ‘ಸ್ಪೀಕ್’ ಅಚ್ಚಾದ ಮೇಲೆ ಸಾವಿರಾರು ಮಕ್ಕಳು ನನಗೂ ಹೀಗಾಯಿತು ಎಂದು ಅವರಿಗೆ ಕಾಗದ ಬರೆದರು. ಹತ್ತು ವರ್ಷದ ನಂತರದ ಆವೃತ್ತಿಯಲ್ಲಿ ಆ ಕಾಗದಗಳ ಸಾಲುಗಳಿಂದಲೇ ಕಟ್ಟಿದ ಒಂದು ಪದ್ಯ ಸೇರಿಸಿದ್ದಾರೆ. ಅದನ್ನು ನೋಡಿದಾಗ ನನಗೆ ಆ ಶೌಚಾಲಯದ ಗೋಡೆಯೇ ನೆನಪಾಯಿತು. ೨೦೦೪ರಲ್ಲಿ ಇದು ಚಲಚ್ಚಿತ್ರವಾಯಿತು, ೨೦೧೮ರಲ್ಲಿ ಚಿತ್ರಕಥೆಯ ಪುಸ್ತಕವಾಯಿತು. ೨೦೨೩ರಲ್ಲಿ ಲೇಖಕಿಗೆ ಸ್ವೀಡನ್ ದೇಶದ ಆಸ್ಟ್ರಿಡ್ ಲಿಂಡ್‌ಗ್ರೆನ್ ಪ್ರಶಸ್ತಿ ಬಂತು, ಮಕ್ಕಳ ಸಾಹಿತ್ಯಕ್ಕೆ ಕೊಡುವ ದೊಡ್ಡ ಪ್ರಶಸ್ತಿಗಳಲ್ಲಿ ಒಂದು.

ಇಷ್ಟು ಮಾನ ಬಂದ ಪುಸ್ತಕವನ್ನು ಶಾಲೆಗಳಿಂದ ತೆಗೆಸಲು ಹಲವು ಕಡೆ ಹಿರಿಯರು ಅರ್ಜಿ ಹಾಕಿದ್ದಾರೆ. ಅಮೆರಿಕೆಯ ಗ್ರಂಥಾಲಯ ಸಂಘ ೨೦೨೦ನೆಯ ವರ್ಷಕ್ಕೆ ಪ್ರಕಟಿಸಿದ, ಅತಿ ಹೆಚ್ಚು ಆಕ್ಷೇಪಣೆ ಬಂದ ಹತ್ತು ಪುಸ್ತಕಗಳ ಪಟ್ಟಿಯಲ್ಲಿ ಇದೂ ಇತ್ತು. ಮಕ್ಕಳಿಗೆ ಇಂಥದನ್ನು ಓದಿಸಬಾರದಂತೆ. ಮಕ್ಕಳ ಮೇಲೆ ನಡೆಯುವುದನ್ನು ಮಕ್ಕಳು ಓದಬಾರದು! ಮಾಯಾ ಏಂಜೆಲೋ ಅವರ ಪುಸ್ತಕಕ್ಕೂ ಇದೇ ಗತಿ ಬಂದಿತ್ತು. ಕಥೆಯೊಳಗಿನ ಗೋಡೆಯಿಂದ ಆಕೆಯ ಚಿತ್ರವನ್ನು ಇಳಿಸಿದ ಹಾಗೆಯೇ, ಆ ಚಿತ್ರವನ್ನು ಬರೆದವಳ ಪುಸ್ತಕವನ್ನೂ ಕಪಾಟಿನಿಂದ ಇಳಿಸುವ ಕೈಗಳಿವೆ.

ಲೇಖಕಿ ಶಾಲೆಶಾಲೆಗೆ ಹೋಗಿ ಮಾತಾಡುವಾಗ ಗಂಡುಹುಡುಗರು ಒಂದು ಪ್ರಶ್ನೆ ಕೇಳುತ್ತಿದ್ದರಂತೆ, ಆ ಹುಡುಗಿ ಅಷ್ಟೊಂದು ಕುಗ್ಗಿಹೋದದ್ದೇಕೆ ಎಂದು. ಕೆಟ್ಟ ಮನಸ್ಸಿನಿಂದಲ್ಲ, ನಿಜವಾಗಿಯೂ ತಿಳಿಯದೆ. ಯಾರೂ ಅವರಿಗೆ ತಿಳಿಸಿರಲಿಲ್ಲ. ನಮ್ಮ ಹೊಟೇಲಿನ ಅಟ್ಟಗಳಲ್ಲಿ ಬೆಳೆದ ನಮಗೆ ಯಾರು ತಿಳಿಸಿದ್ದರು?

ಇದು ಹೆಣ್ಣುಮಕ್ಕಳ ಕಷ್ಟ ಮಾತ್ರ ಎಂದು ಇಲ್ಲಿರುವ ಗಂಡಸರು ಎದ್ದು ಹೋಗುವ ಹಾಗಿಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆ ೨೦೦೭ರಲ್ಲಿ ಹದಿಮೂರು ರಾಜ್ಯಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕೇಳಿ ಒಂದು ವರದಿ ಪ್ರಕಟಿಸಿತು. ಅದರಲ್ಲಿ ನೂರಕ್ಕೆ ೫೩ ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ಹೆಚ್ಚಿನವರು ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಆ ಕ್ಲೀನರ್ ಹುಡುಗನ ಕಾಲಕ್ಕೂ ಇಂದಿಗೂ ಕಾಯಿದೆಯಲ್ಲಿ ಅಂತರವಿದೆ, ಅದನ್ನು ಹೇಳಿ ಮುಗಿಸುತ್ತೇನೆ. ಹೊಟೇಲು, ಢಾಬಾಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಬಾರದೆಂದು ೨೦೦೬ರ ಅಕ್ಟೋಬರ್ ೧೦ರಿಂದ ಜಾರಿಯಾಯಿತು, ೨೦೧೬ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿತು. ೨೦೧೨ರ ಪೋಕ್ಸೋ ಕಾಯಿದೆ ಹದಿನೆಂಟರೊಳಗಿನ ಹುಡುಗ ಹುಡುಗಿ ಇಬ್ಬರಿಗೂ ಅನ್ವಯಿಸುತ್ತದೆ. ಗೊತ್ತಿದ್ದೂ ಪೋಲೀಸರಿಗೆ ತಿಳಿಸದವನಿಗೆ ಆರು ತಿಂಗಳವರೆಗೆ ಸೆರೆಯಾಗಬಹುದು. ಸಂಸ್ಥೆ ನಡೆಸುವವನು ತನ್ನ ಕೈಕೆಳಗಿನವನು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಎಂದರೆ ಬಸ್ಸಿನ ಚೀಟಿ ಕೊಟ್ಟು ಕಳಿಸುವ ಉಪಾಯ ಇಂದು ಅಪರಾಧ. ಮಗುವಿನ ಹೆಸರನ್ನು ಎಲ್ಲಿಯೂ ಪ್ರಕಟಿಸುವಂತಿಲ್ಲ. ಹೇಳಿಕೆ ಬರೆದುಕೊಳ್ಳಲು ಬರುವ ಪೋಲೀಸರು ಸಮವಸ್ತ್ರದಲ್ಲಿ ಬರಬಾರದು. ಮಕ್ಕಳ ಸಹಾಯಕ್ಕೆ ೧೦೯೮ ಎಂಬ ನಂಬರಿದೆ, ೧೯೯೬ರಲ್ಲಿ ಇದೇ ಮುಂಬಯಿಯಲ್ಲಿ ಶುರುವಾದದ್ದು, ದುಡ್ಡು ಬೀಳುವುದಿಲ್ಲ. ಅದನ್ನು ದಪ್ಪ ಅಕ್ಷರದಲ್ಲಿ ಬರೆದ ಕಾಗದಗಳನ್ನು ಬಾಗಿಲ ಹತ್ತಿರ ಇಟ್ಟಿದ್ದೇವೆ. ಗಲ್ಲಾದ ಹಿಂದೆ ಅಂಟಿಸಬೇಡಿ, ಅಲ್ಲಿ ಮೇನೇಜರರೇ ಓದುತ್ತಾರೆ. ಮುಸುರೆ ತೊಟ್ಟಿಯ ಮೇಲೆ, ಅಟ್ಟದ ಏಣಿಯ ಬಳಿ ಅಂಟಿಸಿ.

ಪುಸ್ತಕದ ಎರಡು ಪ್ರತಿಗಳು ವಾಚನಾಲಯದಲ್ಲಿವೆ. ಮಂಗಳವಾರದಿಂದ ರಾತ್ರಿ ಹನ್ನೊಂದೂವರೆಗೆ, ಹೊಟೇಲುಗಳ ಬಾಗಿಲು ಬಿದ್ದ ಮೇಲೆ, ಮಾಸ್ತರರು ಮತ್ತೆ ಮೊದಲಿನಿಂದ ಕನ್ನಡದಲ್ಲಿ ಹೇಳಲು ಒಪ್ಪಿದ್ದಾರೆ. ಬರುವಾಗ ನಿಮ್ಮ ನಿಮ್ಮ ಹೊಟೇಲಿನ ಚಿಕ್ಕವರನ್ನು ಕರೆತನ್ನಿ. ಅವರು ಪ್ರಶ್ನೆ ಕೇಳಬೇಕೆಂದಿಲ್ಲ, ಸುಮ್ಮನೆ ಕುಳಿತರೂ ಸರಿ, ಗೋಡೆಗೊರಗಿ ನಿದ್ದೆ ಹೋದರೂ ಸರಿ. ಚಾಪೆಗಳಿವೆ.